ಗಯಾಕ್ಕೆ ಹೋಗದ ದಾರೋಗಾ

ಚಂದನನಗರ
೨೦ ಭಾದ್ರ, ಬಂಗಾಳಿ ವರ್ಷ ೧೪೦೪

ಪ್ರೀತಿಯ ಟುಶಿ,

ನಿನ್ನ ಬೌದಿಯ, ಈ ಮೊಂಡು ಅತ್ತಿಗೆಯ ಆಶೀರ್ವಾದಗಳು. ಕೋಪ ಇನ್ನೂ ಇಳಿದಿಲ್ಲವೆಂದರೆ ಆಶೀರ್ವಾದವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಪತ್ರವನ್ನಷ್ಟೇ ಓದು. ಹೊಸ ವರ್ಷಕ್ಕೆ ನೀನು ಎರಡು ಸಾಲಿನ ಕಾರ್ಡು ಹಾಕಿದೆ, ನಾನೂ ಎರಡೇ ಸಾಲಿನಲ್ಲಿ ಉತ್ತರ ಕೊಟ್ಟೆ. ಮೊಂಡುತನದಲ್ಲಿ ನಾನೇನು ನಿನಗೆ ಕಡಿಮೆಯೇ? ಆದರೆ ಈಗ ಬರೆಯದೆ ಇರಲು ಆಗುತ್ತಿಲ್ಲ. ನಿಸ್ತಾರಿಣಿ ಬಂದಿದ್ದಾಳೆ ಕಣೇ!

ಹೂಂ, ನಮ್ಮ ನಿಸ್ತಾರಿಣಿಯೇ. ದುರ್ಗಾಪೂಜೆಯ ವಿಶೇಷಾಂಕದಲ್ಲಿ ಇಡೀ ಕಾದಂಬರಿ. ಮೊನ್ನೆ ಬೆಳಗ್ಗೆ ಪೇಪರಿನ ನಿಮಾಯ್ ಸೈಕಲ್ಲಿನಿಂದ ಇಳಿಯುವ ಮುಂಚೆಯೇ ಓಣಿಗೆಲ್ಲ ಕೇಳುವಂತೆ ಕೂಗಿದ, "ಬೌದಿ, ನಿಮ್ಮ ಮುದುಕಿ ಬಂದ್ಲು, ಬೇಗ ಬನ್ನಿ!" ನಮ್ಮ ಮನೆಗೆ ಯಾರೋ ನೆಂಟರು ಬಂದರೆಂದು ಎದುರು ಮನೆಯವರೆಲ್ಲ ಕಿಟಕಿಯಿಂದ ಇಣುಕಿದರು. ನಾನು ಒಲೆಯ ಮೇಲೆ ಹಾಲಿಟ್ಟು ಹಾಗೇ ಓಡಿದೆ. ಹಾಲು ಉಕ್ಕಿ ಚೆಲ್ಲಿತೆಂದು ಬೇರೆ ಹೇಳಬೇಕೇ? ಮುಖಪುಟದ ಮೂಲೆಯಲ್ಲಿ ಅವಳ ಬಿಳಿ ಸೀರೆ, ಎಲೆ ಅಡಿಕೆಯ ಡಬ್ಬಿ, ಹಿಂದೆ ಬಿಲ್ವದ ಮರದಿಂದ ಜೋತುಬಿದ್ದ ಎರಡು ಬೂಟು. ನನಗೆ ಬೀದಿಯಲ್ಲೇ ಅಳು ಬಂತು. ನಿಮಾಯ್ ಪಾಪ, ಬೆಲೆ ಏರಿದ್ದಕ್ಕೆ ಅಳುತ್ತಿದ್ದೇನೆ ಅಂದುಕೊಂಡು, "ಹೋಗ್ಲಿ ಬಿಡಿ ಬೌದಿ, ನಿಧಾನಕ್ಕೆ ಕೊಡಿ" ಅಂದ.

ನಿನ್ನ ಅಣ್ಣ, ನಿನ್ನ ಪ್ರೀತಿಯ ದಾದಾ, ತೀರಿಕೊಂಡ ವರ್ಷ ಬಂದ ಕಾದಂಬರಿಯೇ ಕೊನೆಯದು ಎಂದುಕೊಂಡಿದ್ದೆವಲ್ಲ. ಆಮೇಲೆ ಲೇಖಕರಿಗೆ ಕಣ್ಣು ಕಾಣುವುದಿಲ್ಲವಂತೆ, ಇನ್ನು ಬರೆಯುವುದಿಲ್ಲವಂತೆ ಎಂದು ಸುದ್ದಿ. ಈಗ ಅವರು ಹೇಳುತ್ತಾ ಹೋಗಿ ಮೊಮ್ಮಗಳ ಕೈಯಲ್ಲಿ ಬರೆಸಿದ್ದಾರಂತೆ. ಕಾದಂಬರಿಯ ಹೆಸರು 'ದಾರೋಗಾ ಬಾಬುವಿನ ಕೊನೆಯ ಸಾಕ್ಷಿ'. ಅದರಲ್ಲಿನ 'ಕೊನೆಯ' ಅನ್ನುವ ಪದವನ್ನು ಎರಡು ಸಲ ಓದಿಕೊಂಡೆ.

ಓದಲು ಶುರುಮಾಡುವ ಮುಂಚೆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹಳೆಯದನ್ನೆಲ್ಲ ನೆನೆದೆ. ನಾನು ಮದುವೆಯಾಗಿ ಈ ಮನೆಗೆ ಬಂದ ವರ್ಷವೇ ನಿಸ್ತಾರಿಣಿಯೂ ಶುರುವಾದದ್ದು, ನೆನಪಿದೆಯಾ? ಶ್ರಾವಣದಲ್ಲಿ ಮದುವೆ. ತಲೆಯ ಮೇಲಿನ ಸೆರಗು ಜಾರದಂತೆ ನೋಡಿಕೊಳ್ಳುವುದೇ ನನಗೆ ದಿನವಿಡೀ ಕೆಲಸ. ಯಾರ ಜೊತೆ ಏನು ಮಾತಾಡಬೇಕೋ ತಿಳಿಯದು. ನೀನು ಎರಡು ಜಡೆಯ ಹುಡುಗಿ, ಬಾಗಿಲ ಸಂದಿಯಿಂದ ನನ್ನನ್ನೇ ನೋಡಿ ಓಡಿಹೋಗುತ್ತಿದ್ದೆ. ಆ ವರ್ಷದ ವಿಶೇಷಾಂಕ ಬಂದ ದಿನ ಧೈರ್ಯ ಮಾಡಿ ಒಳಗೆ ಬಂದವಳೇ ಕೇಳಿದೆ, "ನಿಂಗೆ ದೆವ್ವ ಅಂದ್ರೆ ಭಯಾನಾ?" ಇಲ್ಲ ಅಂದೆ. "ಹಾಗಾದ್ರೆ ಆ ಕಡೆ ಜರುಗು" ಅಂದು ಮಂಚ ಹತ್ತಿ ಕೂತು, ಫ್ರಾಕಿನೊಳಗೆ ಬಚ್ಚಿಟ್ಟುಕೊಂಡಿದ್ದ ಪುಸ್ತಕ ತೆಗೆದೆ. ಈ ಮನೆಯಲ್ಲಿ ನನಗೆ ಸಿಕ್ಕಿದ ಮೊದಲ ಗೆಳತಿ ನೀನು. ಗಂಡ ಆಮೇಲೆ.

ಮೊದಲ ಪುಟದಲ್ಲೇ ನಿಸ್ತಾರಿಣಿಯ ಗಂಡ, ದಾರೋಗಾ ಬ್ರಜನಾಥ ಬಾಬು ಸತ್ತುಬಿದ್ದಿದ್ದ. ಪೊಲೀಸ್ ಠಾಣೆಯ ದಾರೋಗಾ ಅಂದಮೇಲೆ ಡಕಾಯಿತರ ಗುಂಡಿಗೆ ಸಾಯಬಾರದೇ? ಮದುವೆ ಊಟದಲ್ಲಿ ಪಂದ್ಯ ಕಟ್ಟಿ ರಸಗುಲ್ಲಾ ತಿಂದು ಸತ್ತಿದ್ದ! ನಾವಿಬ್ಬರೂ ನಕ್ಕು ನಕ್ಕು ಮಂಚದಿಂದ ಉರುಳುವುದೊಂದು ಬಾಕಿ. ಸತ್ತವನು ಹಿತ್ತಲಿನ ಬಿಲ್ವದ ಮರ ಸೇರಿಕೊಂಡು ಹೆಂಡತಿಗೆ ಪತ್ತೇದಾರಿಕೆ ಕಲಿಸಿದ. ಊರಿನ ಕೊಲೆ ಕಳವುಗಳಿಗೆಲ್ಲ ದೆವ್ವಗಳೇ ಸಾಕ್ಷಿ. ಅವುಗಳ ಹೇಳಿಕೆ ತೆಗೆದುಕೊಳ್ಳುವವನು ದಾರೋಗಾ, ಬದುಕಿರುವವರ ಕಿವಿ ಹಿಂಡುವವಳು ನಿಸ್ತಾರಿಣಿ. ಅವನಿಗೆ ಸಂಬಳ ಅಂದರೆ ದಿನಕ್ಕೊಂದು ತುಂಡು ಹುರಿದ ಇಲಿಶ್ ಮೀನು. ವಿಧವೆಯಾದ ಮೇಲೆ ಮೀನು ಮುಟ್ಟದವಳು ಗಂಡನಿಗೋಸ್ಕರ ಮೂಗಿಗೆ ಸೆರಗು ಹಿಡಿದು ಮೀನು ಹುರಿಯುವುದು, ಅವನು ಮರದ ಮೇಲಿಂದ ಉಪ್ಪು ಕಡಿಮೆಯೆಂದು ಗೊಣಗುವುದು. ಪ್ರತಿ ವರ್ಷವೂ ಅದೇ. ಪ್ರತಿ ವರ್ಷವೂ ನಾವು ನಕ್ಕೆವು.

ಅತ್ತೆ ಮೊದಮೊದಲು ರೇಗಿದರು. ಸೊಸೆಯೂ ಮಗಳೂ ಒಟ್ಟಿಗೆ ಹಾಳಾದರೆಂದು ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡು ಬಂದರು. ಅದೇ ಅತ್ತೆ ಮರುವರ್ಷ ಈಳಿಗೆ ಮಣೆ ಎಳೆದುಕೊಂಡು ಕುಂಬಳಕಾಯಿ ಹೆಚ್ಚುತ್ತಾ, "ಅದೇನು ಮನಸ್ಸಿನೊಳಗೇ ಓದ್ಕೊಳ್ತೀರೇ, ಗಟ್ಟಿಯಾಗಿ ಓದ್ರೇ, ನಂಗೇನು ಕಿವಿ ಇಲ್ವಾ?" ಎಂದು ಗದರಿದ್ದರು. ಆಮೇಲೆ ಸಾಯಂಕಾಲ ಕರೆಂಟು ಹೋದರೆ ನಮಗೆ ಹಬ್ಬ. ಲಾಟೀನಿನ ಸುತ್ತ ಮೂವರೂ ಕೂತು, ನಡುವೆ ಸಾಸಿವೆ ಎಣ್ಣೆ ಕಲಸಿದ ಮಂಡಕ್ಕಿ ಬೋಗುಣಿ ಇಟ್ಟುಕೊಂಡರೆ ಸ್ವರ್ಗ ಬೇಡ. ಕರೆಂಟು ಬಂದರೆ ಅತ್ತೆ ಕರೆಂಟಿನವರನ್ನು ಬಯ್ಯುತ್ತಿದ್ದರು.

ಅಷ್ಟರಲ್ಲಿ ಸೆಣಬಿನ ಕಾರ್ಖಾನೆಯ ಆಫೀಸಿನಿಂದ ನಿನ್ನ ದಾದಾ ಬರುತ್ತಿದ್ದರು. ಬಂದವರು ಕೈಕಾಲು ತೊಳೆಯದೆ ಬಾಗಿಲಲ್ಲೇ ನಿಂತು, ಮೂಗು ಹಿಡಿದುಕೊಂಡು ದಾರೋಗಾನ ದೆವ್ವದ ದನಿ ತೆಗೆಯುತ್ತಿದ್ದರು. "ಉಂಪ್ಪು ಕಂಡಿಂಮೆ ಕಂಣೇ!" ಅತ್ತೆ ಕೂಡ ಸೆರಗು ಬಾಯಿಗಿಟ್ಟು ನಗುತ್ತಿದ್ದರು. "ಗಂಡಸರು ಓದೋದಲ್ಲ ಅದು" ಎಂದು ಅಣಕಿಸುತ್ತಿದ್ದ ಮನುಷ್ಯ, ನಾವು ನಿದ್ದೆ ಹೋದಾಗ ಪುಸ್ತಕ ಕದ್ದು ಓದಿ ಮುಗಿಸಿಯೂ ಇರುತ್ತಿದ್ದರು. ಒಂದು ವರ್ಷ ನಿನ್ನ ಊಟದ ತಟ್ಟೆಯ ಕೆಳಗೆ ಕೊಲೆಗಾರನ ಹೆಸರು ಬರೆದ ಚೀಟಿ ಇಟ್ಟಿದ್ದರು. ನೀನು ಅನ್ನ ನೂಕಿ ಎದ್ದವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟೆ. ಸಾಯಂಕಾಲ ನಿನ್ನನ್ನು ಎಳೆದುಕೊಂಡು ಗಂಗೆಯ ದಡಕ್ಕೆ ಹೋಗಿ, ಬದನೆಕಾಯಿ ಬೋಂಡಾ ಕೊಡಿಸಿ, ನೀನು ಎರಡನೆಯದನ್ನು ಕಚ್ಚಿದ ಮೇಲೆ ಮೆಲ್ಲಗೆ ಹೇಳಿದರು, "ಪೆದ್ದೀ, ಅದು ಸುಳ್ಳು ಹೆಸರು ಕಣೇ. ನಿಜವಾದ ಹೆಸರು ನಾನು ನಿಂಗೆ ಹೇಳ್ತೀನಾ?" ನೀನು ಬೋಂಡಾ ಸಮೇತ ಅವರ ಬೆನ್ನಿಗೆ ಗುದ್ದಿದ ಎಣ್ಣೆ ಕಲೆ ಆ ಅಂಗಿಯಿಂದ ಹೋಗಲೇ ಇಲ್ಲ. ನಮಗೆ ಮಕ್ಕಳಾಗಲಿಲ್ಲ ಅಂತ ಜನ ಅಯ್ಯೋ ಅನ್ನುತ್ತಿದ್ದರು. ನೀನಿದ್ದೆಯಲ್ಲ, ನನಗೆ ಆ ಕೊರತೆ ಅಷ್ಟಾಗಿ ತಟ್ಟಲಿಲ್ಲ.

ಅವರು ಹೋದ ರೀತಿಯಲ್ಲಿ ಮಾತ್ರ ಕಥೆ ಏನೂ ಇರಲಿಲ್ಲ. ಆಫೀಸಿನ ಕುರ್ಚಿಯಲ್ಲಿ ಕೂತವರು ಕೂತ ಹಾಗೇ. ಶ್ರಾದ್ಧ ಮುಗಿದು ಸೂತಕ ಕಳೆದು ಎಲ್ಲರೂ ಮೀನಿನ ಊಟಕ್ಕೆ ಕೂತ ದಿನ, ಓಣಿಯ ಹೆಂಗಸರೆಲ್ಲ ನನ್ನ ಎಲೆಯನ್ನೇ ನೋಡುತ್ತಿದ್ದರು. ನೀನು ಎದ್ದು ಬಂದು ನಿನ್ನ ಪಾಲಿನ ತುಂಡನ್ನು ನನ್ನ ಎಲೆಗೆ ಹಾಕಿ, "ತಿನ್ನು ಬೌದಿ. ನೀನು ತಿನ್ನದಿದ್ರೆ ನಾನೂ ಇನ್ನು ಮೀನು ಮುಟ್ಟಲ್ಲ" ಅಂದೆ. ಎಷ್ಟು ಜನರ ಬಾಯಿ ಅಲ್ಲೇ ಮುಚ್ಚಿಹೋಯಿತು! ನಾನು ಮುಳ್ಳು ಬಿಡಿಸಿ ಪೂರ್ತಿ ತಿಂದೆ.

ಅದೇ ದಿನವೇ ಅಲ್ಲವೇ ಚಕ್ರವರ್ತಿ ಪುರೋಹಿತರು ಹೊರಡುವಾಗ ಹೇಳಿದ್ದು, "ವರ್ಷ ತುಂಬಿದ ಮೇಲೆ ಗಯಾಕ್ಕೆ ಹೋಗಿ ಪಿಂಡ ಹಾಕಿ ಬನ್ನಿ. ಪರಿತೋಷನಿಗೆ ಬಿಡುಗಡೆ ಆಗ್ಲಿ." ನಾನು ನಿನ್ನ ಮುಖ ನೋಡಿದೆ, ನೀನು ನನ್ನ ಮುಖ ನೋಡಿದೆ. ಇಬ್ಬರಿಗೂ ಆ ಕ್ಷಣ ಒಂದೇ ಯೋಚನೆ ಬಂದಿತ್ತು, ಇಲ್ಲವೆಂದು ಹೇಳು ನೋಡೋಣ. ಡಕಾಯಿತರಿಗೂ ಸಾಹೇಬರಿಗೂ ಹೆದರದ ದಾರೋಗಾ ಬಾಬು ಗಯಾ ಅನ್ನುವ ಹೆಸರು ಕೇಳಿದರೆ ಮಾತ್ರ ನಡುಗಿ ಮರದಿಂದ ಬೀಳುತ್ತಿದ್ದ. ಗಯಾದಲ್ಲಿ ಪಿಂಡ ಬಿತ್ತೆಂದರೆ ದೆವ್ವ ಮತ್ತೆ ಮನೆಯ ಹಿತ್ತಲಿಗೆ ಬರುವುದಿಲ್ಲ. ಆ ಮಾತನ್ನು ಅಜ್ಜಿಯರಿಂದ ಎಲ್ಲರೂ ಕೇಳಿರುತ್ತಾರೆ. ನಮ್ಮಿಬ್ಬರಿಗೆ ಮಾತ್ರ ಅದು ನಿಸ್ತಾರಿಣಿಯ ಪುಟಗಳಲ್ಲಿ ಕಣ್ಣಾರೆ ನೋಡಿದ ಹಾಗೆ ಗೊತ್ತಿತ್ತು.

ಆಮೇಲೆ ಶುರುವಾಯಿತು ನೋಡು ನಮ್ಮ ನೆಪಗಳ ಮೆರವಣಿಗೆ. ಒಂದು ವರ್ಷ ನಿನಗೆ ಉತ್ತರ ಪತ್ರಿಕೆ ತಿದ್ದುವ ಕೆಲಸ. ಒಂದು ವರ್ಷ ನನಗೆ ಮೊಣಕಾಲು. ಒಂದು ವರ್ಷ ಬಿಹಾರದಲ್ಲಿ ಸೆಕೆ, ಇನ್ನೊಂದು ವರ್ಷ ಅಲ್ಲೇ ಚಳಿ. ಚಕ್ರವರ್ತಿಗಳು ಬರುವುದು ಕಂಡರೆ ನಾನು ಹಿತ್ತಲ ಬಾಗಿಲಿಂದ ಪಕ್ಕದ ಮನೆಗೆ ಹೋಗಿಬಿಡುತ್ತಿದ್ದೆ. ಭೌತಶಾಸ್ತ್ರ ಕಲಿಸುವ ಟೀಚರಮ್ಮ ನೀನು, "ಇದೆಲ್ಲ ನಂಬೋಳಲ್ಲ ನಾನು, ಅದಕ್ಕೇ ಬರಲ್ಲ" ಅಂದೆ. ಅಯ್ಯೋ ನಮ್ಮ ವಿಜ್ಞಾನಿ! ನಂಬದವಳಿಗೆ ಹೋಗಿಬರಲು ಏನು ಕಷ್ಟ? ಎರಡು ದಿನದ ರಜೆ ಹಾಳು, ಅಷ್ಟೇ. ನಂಬುವವಳಿಗೆ ತಾನೇ ಭಯ.

ಮನೆಯಲ್ಲಿ ನಾನು ಹೇಗಿದ್ದೆ ಎಂದು ನಿನಗೆ ಗೊತ್ತೇ ಇದೆ. ಫುಟ್ಬಾಲ್ ಇದ್ದ ದಿನ ರೇಡಿಯೋ ಹಾಕಿಡುವುದು, ಮಂಚದ ಆ ಬದಿಯ ದಿಂಬನ್ನು ಕೊಡವಿ ಇಡುವುದು, ಅಡುಗೆಮನೆಯಿಂದ ಕೂಗಿ ಏನೋ ಕೇಳುವುದು, ಉತ್ತರ ಬರಲಿಲ್ಲವೆಂದು ಬಯ್ಯುವುದು. ಆಸನ್‌ಸೋಲಿನ ಶಾಲೆಯಿಂದ ರಜೆಗೆ ಬಂದಾಗ ನೀನೂ ಸೇರುತ್ತಿದ್ದೆ. "ದಾದಾ, ಇವತ್ತು ಬೌದಿ ಸಾರಿಗೆ ಉಪ್ಪೇ ಹಾಕಿಲ್ಲ ನೋಡೋ" ಎಂದು ಖಾಲಿ ಕುರ್ಚಿಗೆ ಚಾಡಿ ಹೇಳುತ್ತಿದ್ದೆ. ಹೊರಗಿನವರು ನೋಡಿದರೆ ಇಬ್ಬರಿಗೂ ಹುಚ್ಚು ಅನ್ನುತ್ತಿದ್ದರು. ನಮಗೆ ಅದು ಸುಖವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ.

ಹೋದ ಪೂಜೆಯ ಅಷ್ಟಮಿಯ ದಿನ ಪೂರಿಯಂಥ ಲೂಚಿ ಬಡಿಸುತ್ತಾ ನಾನು, "ಟುಶಿ, ಈ ಚಳಿಗಾಲದಲ್ಲಿ ಗಯಾಕ್ಕೆ ಹೋಗಿಬರೋಣ್ವಾ?" ಎಂದು ಕೇಳಿದೆ. ಯಾಕೆ ಕೇಳಿದೆನೋ ನನಗೇ ಸರಿಯಾಗಿ ಗೊತ್ತಿರಲಿಲ್ಲ, ಯಾಕೋ ಸುಸ್ತಾಗಿತ್ತು. ನೀನು ತಟ್ಟೆ ತಳ್ಳಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ. "ನಿಂಗೆ ಅವನು ಬೇಡವಾದ್ರೆ ಹೇಳು. ನಾನು ಆಸನ್‌ಸೋಲ್‌ಗೆ ಕರ್ಕೊಂಡು ಹೋಗ್ತೀನಿ ನಮ್ಮಣ್ಣನ್ನ!" ಅಂದೆ. ಅಂದಮೇಲೆ ನಾವಿಬ್ಬರೂ ಬೆಚ್ಚಿಬಿದ್ದೆವು. ಐದು ವರ್ಷದ ಹಿಂದೆ ಸುಟ್ಟು ಬಂದ ಮನುಷ್ಯನನ್ನು ಯಾರ ಮನೆಯಲ್ಲಿಟ್ಟುಕೊಳ್ಳುವುದೆಂದು ನಾದಿನಿ ಅತ್ತಿಗೆ ಜಗಳವಾಡಿದ ಸಂಸಾರ ಬಂಗಾಳದಲ್ಲಿ ಇನ್ನೊಂದಿದೆಯೋ ಇಲ್ಲವೋ. ನಗಬೇಕಾಗಿತ್ತು. ನಗು ಬರಲಿಲ್ಲ. ನೀನು ಮರುದಿನದ ರೈಲಿಗೇ ಹೊರಟುಹೋದೆ. ಅವತ್ತಿನಿಂದ ಈ ಮನೆಗೆ ಕಾಲಿಟ್ಟಿಲ್ಲ.

ಈಗ ಈ ಸಲದ ಕಥೆ ಕೇಳು. ಹೆಸರುಗಳನ್ನು ಹೇಳುವುದಿಲ್ಲ, ಹೆದರಬೇಡ.

ನದಿಯಾಚೆಯ ಊರಿನ ಜಮೀನ್ದಾರನ ಕೊಲೆಯಾಗಿದೆ. ದಾರೋಗಾ ಎಂದಿನಂತೆ ಸಾಕ್ಷಿ ವಿಚಾರಿಸಲು ಹೋದರೆ ಆ ಊರಿನಲ್ಲಿ ಒಂದೇ ಒಂದು ದೆವ್ವವಿಲ್ಲ! ತಾಳೆಮರ ಖಾಲಿ, ಪಾಳುಬಾವಿ ಖಾಲಿ, ಮೀನಿನ ಸಂತೆಯ ಹಿಂದಿನ ಬಿದಿರುಮೆಳೆ ಖಾಲಿ. ಏನೆಂದು ವಿಚಾರಿಸಿದರೆ ಆ ಊರಿನ ಒಬ್ಬ ಧರ್ಮಾತ್ಮ, ಸತ್ತವರ ಮನೆಯವರನ್ನೆಲ್ಲ ತನ್ನ ಖರ್ಚಿನಲ್ಲೇ ಗಯಾಕ್ಕೆ ಕಳಿಸಿ ಪಿಂಡ ಹಾಕಿಸುತ್ತಿದ್ದಾನೆ. ಊರಿಗೆ ಊರೇ ಅವನ ಕಾಲಿಗೆ ಬೀಳುತ್ತಿದೆ. ಗೊತ್ತಾಯಿತಲ್ಲ ಕಳ್ಳನ ಆಟ? ಕೊಲೆ ನೋಡಿದ ಸಾಕ್ಷಿಗಳನ್ನೆಲ್ಲ ಪುಣ್ಯದ ಹೆಸರಿನಲ್ಲಿ ಸಾಗಹಾಕಿದ್ದಾನೆ. ನಾನು ಚಪ್ಪಾಳೆ ತಟ್ಟಿದೆ ಕಣೇ, ಒಬ್ಬಳೇ ಕೂತು. ಕಣ್ಣು ಹೋದರೂ ಲೇಖಕರ ತಲೆ ಎಷ್ಟು ಚುರುಕಾಗಿದೆ ನೋಡು! ನೀನಿದ್ದಿದ್ದರೆ ಮೂರನೆಯ ಅಧ್ಯಾಯಕ್ಕೇ ಊಹಿಸಿರುತ್ತಿದ್ದೆ, ನಾನು ಏಳರವರೆಗೆ ಪೆದ್ದಿಯ ಹಾಗೆ ಆ ಧರ್ಮಾತ್ಮನನ್ನು ಹೊಗಳುತ್ತಲೇ ಇದ್ದೆ.

ಆಮೇಲೆ ನಿಸ್ತಾರಿಣಿ ಆ ಊರಿನ ಒಬ್ಬ ನೇಕಾರನ ವಿಧವೆಯನ್ನು ವಿಚಾರಿಸಲು ಹೋಗುತ್ತಾಳೆ. ಇನ್ನೂ ಚಿಕ್ಕ ವಯಸ್ಸಿನವಳು, ಮಗ್ಗದ ಮುಂದೆ ಕೂತಿರುತ್ತಾಳೆ. ನಿಸ್ತಾರಿಣಿ ಸಿಟ್ಟಿನಿಂದ, ನಿನ್ನ ಗಂಡನನ್ನು ಮೋಸದಿಂದ ಕಳಿಸಿದ್ದಾನಲ್ಲ ಆ ಪಾಪಿ ಎನ್ನುತ್ತಾಳೆ. ಅವಳು ಲಾಳಿ ನಿಲ್ಲಿಸದೆ ಹೇಳುತ್ತಾಳೆ, "ಅವ್ನು ಕೊಲೆಗಾರ ಆಗಿದ್ರೆ ಗಲ್ಲಿಗೆ ಹಾಕ್ಸಿ ತಾಯಿ, ನಾನು ಬೇಡ ಅನ್ನಲ್ಲ. ಆದ್ರೆ ಪಿಂಡ ಬಿದ್ದು ನಮ್ಮೋರು ಹೋದ ದಿನ ನಾನು ಹೊಟ್ಟೆ ತುಂಬ ಅತ್ತೆ. ಅಲ್ಲೀವರ್ಗೂ ಅಳೋಕೇ ಆಗಿರ್ಲಿಲ್ಲ. ಮನೇಲೇ ಇದ್ರಲ್ಲ, ಯಾರಿಗೋಸ್ಕರ ಅಳ್ಲಿ?"

ಟುಶಿ, ನಾನು ಅಲ್ಲಿ ಪುಸ್ತಕ ಮಡಚಿಟ್ಟು ಎದ್ದುಹೋಗಿ ಮುಖ ತೊಳೆದುಕೊಂಡೆ. ನಿನ್ನ ದಾದಾ ಹೋದಾಗ ನಾನು ಅಳಲಿಲ್ಲವೆಂದು ಎಲ್ಲರೂ ಎಷ್ಟು ಹೊಗಳಿದರು! ವೀಥಿಕಾ ಗಟ್ಟಿ ಹೆಂಗಸು, ನಾದಿನಿಯನ್ನೂ ಹೇಗೆ ಹಿಡಿದುಕೊಂಡಳು ಎಂದು. ಗಟ್ಟಿತನ ಎಲ್ಲಿ ಬಂತು? ಅವರು ಎಲ್ಲಿಗೆ ಹೋಗಿದ್ದಾರೆ ಅಳುವುದಕ್ಕೆ, ಬಿಲ್ವದ ಮರದಲ್ಲಿದ್ದಾರಲ್ಲ ಎಂದು ನನ್ನ ಹೊಟ್ಟೆಯೊಳಗೆ ಯಾರೋ ಹೇಳುತ್ತಲೇ ಇದ್ದರು. ನೀನೂ ಅತ್ತಿಲ್ಲ. ನಾನು ನೋಡಿದ್ದೇನೆ, ನೀನು ಅತ್ತಿಲ್ಲ.

ಇನ್ನೂ ಇದೆ. ಮುಂದಿನ ಅಧ್ಯಾಯದಲ್ಲಿ ನಿಸ್ತಾರಿಣಿ ಯಾವುದೋ ಯೋಚನೆಯಲ್ಲಿ ಮೀನಿಗೆ ಉಪ್ಪು ಹಾಕುವುದನ್ನೇ ಮರೆಯುತ್ತಾಳೆ. ಈಗ ಗೊಣಗುತ್ತಾನೆ, ಈಗ ಗೊಣಗುತ್ತಾನೆ ಎಂದು ಕಾಯುತ್ತಾಳೆ. ದಾರೋಗಾ ಎಲ್ಲವನ್ನೂ ತಿಂದು, "ಚೆನ್ನಾಗಿದೆ" ಎನ್ನುತ್ತಾನೆ. ಮರುದಿನ ಬೇಕೆಂದೇ ಉಪ್ಪಿಲ್ಲದೆ ಹುರಿಯುತ್ತಾಳೆ. ಮತ್ತೆ "ಚೆನ್ನಾಗಿದೆ". ಆಗ ಅವಳಿಗೆ ತಿಳಿಯುತ್ತದೆ. ಅವನಿಗೆ ರುಚಿ ಹೋಗಿ ಎಷ್ಟೋ ವರ್ಷವಾಗಿದೆ. ಹೆಂಡತಿಗೆ ಬೇಜಾರಾಗಬಾರದೆಂದು ಸತ್ತ ಮೇಲೂ ಗೊಣಗುವ ನಾಟಕ ಆಡಿಕೊಂಡು ಬಂದಿದ್ದಾನೆ, ಈಗ ಅದಕ್ಕೂ ತ್ರಾಣವಿಲ್ಲ. ಅವಳು ಮರದ ಕೆಳಗೆ ನಿಂತು, ಏನಾಗಿದೆ ನಿಮಗೆ ಎಂದು ಕೇಳುತ್ತಾಳೆ. ಅವನು ಬೂಟುಗಳನ್ನು ಅಲ್ಲಾಡಿಸುತ್ತಾ ಹೇಳುತ್ತಾನೆ, "ಸಾಂಕಾಯ್ತು ಕಂಣೇ. ನಂನ್ನ ಕಂಳಿಂಸಿ ಕೊಡು."

ಇಷ್ಟು ವರ್ಷ ಗಯಾ ಅಂದರೆ ನಡುಗುತ್ತಿದ್ದವನು ತಾನೇ ಬಾಯಿಬಿಟ್ಟು ಕೇಳಿದ.

ನಿಸ್ತಾರಿಣಿ ಮೂರು ದಿನ ಹಿತ್ತಲ ಬಾಗಿಲು ಹಾಕಿಕೊಂಡು ಅವನೊಡನೆ ಮಾತು ಬಿಡುತ್ತಾಳೆ. ನಿನ್ನ ಹಾಗೇ ಸಿಟ್ಟು. ಆಮೇಲೆ ಕೊಲೆಗಾರ ಸಿಕ್ಕಿಬೀಳುತ್ತಾನೆ, ಅದು ಹೇಗೆಂದು ನೀನೇ ಓದಿಕೋ. ಊರವರೆಲ್ಲ ಹೊರಟುಹೋದ ಮೇಲೆ ಅವಳು ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ಗಯಾಕ್ಕೆಂದು ಬಟ್ಟೆ ಮಡಚಿಡುತ್ತಾಳೆ.

ದಾರೋಗಾನ ಆ ಒಂದು ಸಾಲನ್ನು ನಾನು ನಿನ್ನ ದಾದಾನ ಹಾಗೇ ಮೂಗು ಹಿಡಿದುಕೊಂಡು ಗಟ್ಟಿಯಾಗಿ ಓದಿದೆ. ಥೇಟ್ ಅವರದೇ ದನಿ ಬಂತು. ಸರಿ, ಮೂಗು ಬಿಟ್ಟು ಅವರ ಮಾಮೂಲು ದನಿಯಲ್ಲಿ ಏನಾದರೂ ಹೇಳಿ ನೋಡೋಣ ಎಂದುಕೊಂಡೆ. ದಿನಾ ಬೆಳಗ್ಗೆ ಕೇಳುತ್ತಿದ್ದರಲ್ಲ, "ಛತ್ರಿ ಎಲ್ಲಿಟ್ಟೆ?" ಅಂತ. ಅದನ್ನೇ ನೆನಪಿಸಿಕೊಳ್ಳಲು ಹೋದೆ. ಮಾತು ನೆನಪಿದೆ, ದನಿ ಇಲ್ಲ. ನನ್ನನ್ನು ಹೆಸರು ಹಿಡಿದು ಕರೆದ ದನಿ, ಜ್ವರ ಬಂದಾಗ ನರಳಿದ ದನಿ, ನಿನ್ನ ಮೊದಲ ಸಂಬಳದ ದಿನ ನಿನ್ನನ್ನು ಹರಸಿದ ದನಿ, ಒಂದೂ ಸಿಗಲಿಲ್ಲ. ಎಷ್ಟು ಹುಡುಕಿದರೂ ಮೂಗಿನ ದನಿಯೇ ಬರುತ್ತದೆ. ನಾವಿಬ್ಬರೂ ಸೇರಿ ಇಷ್ಟು ವರ್ಷ ಈ ಮನೆಯಲ್ಲಿ ದಾರೋಗಾ ಬಾಬುವನ್ನು ಸಾಕಿದ್ದೇವೆ ಟುಶಿ. ನಿನ್ನ ದಾದಾ ಯಾವಾಗಲೋ ಆ ಗದ್ದಲದಲ್ಲಿ ಸದ್ದಿಲ್ಲದೆ ಎದ್ದುಹೋಗಿದ್ದಾರೆ, ನಾವು ನೋಡಲೇ ಇಲ್ಲ.

ನನಗೆ ನನ್ನ ಗಂಡ ಬೇಕು ಕಣೇ. ಛತ್ರಿ ಮರೆಯುವ, ಸಿಟ್ಟು ಬಂದರೆ ಊಟ ಬಿಡುವ, ಸತ್ತುಹೋದ ಗಂಡ. ಅವರಿಗಾಗಿ ಒಂದು ಸಲ ಹೊಟ್ಟೆ ತುಂಬ ಅಳಬೇಕು. ಇಲ್ಲಿ ಕೂತು ಅದು ಆಗುತ್ತಿಲ್ಲ.

ಪಿತೃಪಕ್ಷ ಬಂತು. ಚಕ್ರವರ್ತಿಗಳನ್ನು ನಾನೇ ಕರೆಸಿದೆ. ಅವರಿಗೆ ಆಶ್ಚರ್ಯದಿಂದ ಚಹಾ ನೆತ್ತಿಗೇರಿತು. ಮಗನಿಲ್ಲದಿದ್ದರೆ ಹೆಂಡತಿ ಮಾಡಬಹುದು, ಒಡಹುಟ್ಟಿದ ತಂಗಿಯೂ ಮಾಡಬಹುದು, ತಪ್ಪೇನಿಲ್ಲ ಅಂದರು. "ಇಬ್ಬರೂ ಕೈ ಹಿಡಿದು ಮಾಡ್ತೀವಿ ಅಂದ್ರೆ?" ಎಂದು ಕೇಳಿದೆ. ತಲೆ ಕೆರೆದುಕೊಂಡು, "ಮಾಡ್ರಮ್ಮ, ಪರಿತೋಷ ಏನು ಬೇಡ ಅಂತಾನಾ" ಅಂದರು.

ಎರಡು ಟಿಕೆಟ್ ತೆಗೆಸಿದ್ದೇನೆ. ಕೃಷ್ಣ ಪಂಚಮಿಯ ದಿನ ನಾನು ಹೌರಾದಲ್ಲಿ ಹತ್ತುತ್ತೇನೆ. ಆ ರೈಲು ನಿನ್ನ ಊರಿನ ಮೇಲೆಯೇ ಹೋಗುತ್ತದೆ. ಆಸನ್‌ಸೋಲ್ ಬಂದಾಗ ನಾನು ಬಾಗಿಲಲ್ಲಿ ನಿಂತಿರುತ್ತೇನೆ. ನೀನು ಪ್ಲಾಟ್‌ಫಾರಂ ಮೇಲೆ ಪೆಟ್ಟಿಗೆ ಹಿಡಿದು ನಿಂತಿದ್ದರೆ ಹತ್ತಿಸಿಕೊಳ್ಳುತ್ತೇನೆ. ಇಲ್ಲದಿದ್ದರೆ ನಾನೂ ಅಲ್ಲೇ ಇಳಿದು ನಿನ್ನ ಕ್ವಾರ್ಟರ್ಸಿಗೆ ಬಂದು ಕೂರುತ್ತೇನೆ, ಗಯಾದ ಮಾತನ್ನು ಮತ್ತೆ ಎತ್ತುವುದಿಲ್ಲ. ಅವರು ನನಗೆ ಗಂಡನಾಗುವ ಎಷ್ಟೋ ವರ್ಷ ಮುಂಚೆ ನಿನಗೆ ಅಣ್ಣ. ನೀನು ಒಲ್ಲೆ ಅಂದರೆ ಅವರನ್ನು ಕಳಿಸಿಕೊಡುವ ಹಕ್ಕು ನನಗೊಬ್ಬಳಿಗೇ ಇಲ್ಲ. ಇದು ಬೆದರಿಕೆಯಲ್ಲ. ನಿಜವಾಗಿ ಹೇಳುತ್ತಿದ್ದೇನೆ, ನಿನ್ನನ್ನು ಬಿಟ್ಟು ನನ್ನ ಕೈಯಲ್ಲಿ ಆಗುವುದಿಲ್ಲ.

ನಂಬುವುದಿಲ್ಲ ಅನ್ನುತ್ತೀಯಲ್ಲ, ನಂಬಬೇಡ. ಶಾಲೆಗೆ ರಜೆ ಬರೆದು, ಬೌದಿಗೆ ವಯಸ್ಸಾಯಿತು, ಒಬ್ಬಳೇ ಹೋಗಲಾರಳು, ಜೊತೆಗೆ ಹೋಗುತ್ತಿದ್ದೇನೆ ಎಂದು ಹೇಳಿಕೋ. ಫಲ್ಗು ನದಿಯ ಮರಳಿನಲ್ಲಿ ಕಾಲಿಟ್ಟ ಮೇಲೆ ಏನಾಗುತ್ತದೋ ಆಗ ನೋಡಿಕೊಳ್ಳೋಣ. ನಿನಗೆ ಅಳು ಬಂದರೆ ನಾನಿರುತ್ತೇನೆ, ನನಗೆ ಬಂದರೆ ನೀನಿರು.

ಆರೋಗ್ಯ ನೋಡಿಕೋ. ಕ್ಯಾಂಟೀನಿನ ಊಟವನ್ನೇ ನೆಚ್ಚಿಕೊಂಡು ಕೂರಬೇಡ. ಕೊಬ್ಬರಿ ಉಂಡೆ ಮಾಡಿ ತರುತ್ತೇನೆ.

ಎಂದಿಗೂ ನಿನ್ನವಳೇ ಆದ
ಬೌದಿ
(ವೀಥಿಕಾ)

ಮರೆತ ಮಾತು: ಗಯಾದಲ್ಲಿ ಪಿಂಡ ಹಾಕಿದ ಮೇಲೆ ಆಲದ ಮರದ ಕೆಳಗೆ ನಮಗೆ ತುಂಬಾ ಪ್ರಿಯವಾದದ್ದೊಂದನ್ನು ಸತ್ತವರ ಹೆಸರಿನಲ್ಲಿ ಜೀವಮಾನಕ್ಕೆ ಬಿಟ್ಟುಬರಬೇಕಲ್ಲ. ಅತ್ತೆ ತೀರಿಕೊಂಡ ಮೇಲೆ ಅವರ ಪಿಂಡಕ್ಕೆ ಹೋಗಿದ್ದಾಗ ನಿನ್ನ ದಾದಾ ಹಾಗಲಕಾಯಿ ಬಿಟ್ಟುಬಂದರು. ಹಾಗಲಕಾಯಿ ಕಂಡರೆ ಮುಖ ಕಿವುಚುತ್ತಿದ್ದ ಮನುಷ್ಯ! ನಾನು ಹಾಗೆ ದೇವರಿಗೆ ಟೋಪಿ ಹಾಕುವುದಿಲ್ಲ. ಮೀನು ಬಿಡೋಣವೆಂದರೆ ನೀನು ಸುಮ್ಮನಿರುವವಳಲ್ಲ. ಯೋಚಿಸಿ ಯೋಚಿಸಿ, ನಿಸ್ತಾರಿಣಿಯನ್ನು ಬಿಡುವುದೆಂದು ತೀರ್ಮಾನ ಮಾಡಿದ್ದೇನೆ. ಅವಳು ಪೆಟ್ಟಿಗೆಗೆ ಬಟ್ಟೆ ತುಂಬುವಲ್ಲಿಗೆ ನನ್ನ ಓದು ಮುಗಿಯಿತು. ಅದರ ನಂತರ ಇನ್ನೊಂದು ಅಧ್ಯಾಯವಿದೆ, ಅದನ್ನು ನಾನು ಓದಿಲ್ಲ, ಓದುವುದೂ ಇಲ್ಲ. ದಾರೋಗಾ ಹೋದನೆಂದು ಓದಿದರೆ ಪುಸ್ತಕ ನೋಡಿ ಹೊರಟ ಹಾಗಾಗುತ್ತದೆ, ಉಳಿದನೆಂದು ಓದಿದರೆ ನನ್ನ ಕಾಲು ಏಳುವುದಿಲ್ಲ. ವಿಶೇಷಾಂಕವನ್ನು ಇವತ್ತೇ ಬುಕ್‌ಪೋಸ್ಟಿನಲ್ಲಿ ನಿನಗೆ ಹಾಕಿದ್ದೇನೆ. ನೀನು ಪೂರ್ತಿ ಓದು. ಆದರೆ ನಾವು ಹಿಂದಿರುಗಿದ ಮೇಲೆ ಓದು, ಏಕೆಂದರೆ ನಿನ್ನ ಮುಖ ನೋಡಿದರೆ ನನಗೆ ಗೊತ್ತಾಗಿಬಿಡುತ್ತದೆ.